ಎಳೆಯ ಇನ್ನೊಂದು ತುದಿ

“ಕೆಂಪು ಬಣ್ಣ ಮಂಕಾಗಿ ಕಂಡರೆ, ಕೆಂಪು ಯಾವುದು ಹಸಿರು ಯಾವುದು ಎಂದು ಗೊಂದಲವಾದರೆ, ಮುಂದಿನ ತಿಂಗಳವರೆಗೆ ಕಾಯಬೇಡಿ. ಅಂದೇ ಬನ್ನಿ.”

ಸಾಗರದ ವೈದ್ಯರು ಈ ಮಾತನ್ನು ಎರಡು ಸಲ ಹೇಳಿದರು. ಸಾಲದೆಂಬಂತೆ ಚೀಟಿಯ ಹಿಂಬದಿಯಲ್ಲಿ ಬರೆದೂ ಕೊಟ್ಟರು. ನಾನು ದಿನವೂ ನುಂಗಬೇಕಾಗಿದ್ದ ನಾಲ್ಕು ಔಷಧಗಳಲ್ಲಿ ಎಥಾಂಬುಟಾಲ್ ಕೂಡ ಒಂದು. ಕೆಲವರಲ್ಲಿ ಅದು ಕಣ್ಣಿನ ನರಕ್ಕೆ ಪೆಟ್ಟು ಕೊಡುತ್ತದೆ. ಕೆಂಪು ಹಸಿರುಗಳ ಗುರುತು ತಪ್ಪುವುದು ಅದರ ಮೊದಲ ಸೂಚನೆ. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ನಿನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಚೀಟಿ.

ನೋವು ಶುರುವಾದದ್ದು 2021ರ ದೀಪಾವಳಿಯ ಹೊತ್ತಿಗೆ. ಆಗ ನನಗೆ 31 ವರ್ಷ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವವರಿಗೆ ಬೆನ್ನುನೋವು ಹೊಸದೇನಲ್ಲ ಎಂದರು. ಮುಲಾಮು ಹಚ್ಚಿದೆ, ಮಾತ್ರೆ ನುಂಗಿದೆ, ಶಾಖ ಕೊಟ್ಟುಕೊಂಡೆ. ಒಂದು ಕಡೆ ಸ್ನಾಯು ಸೆಳೆತ ಎಂದರು, ಇನ್ನೊಂದು ಕಡೆ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕಳಿಸಿದರು. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ದಿಂಬು ತೋಯುವಷ್ಟು ಬೆವರು. ಆರು ತಿಂಗಳಲ್ಲಿ ಒಂಬತ್ತು ಕೆ.ಜಿ. ಇಳಿದೆ. ಮೇ ತಿಂಗಳ ಒಂದು ಬೆಳಿಗ್ಗೆ ಬಸ್ಸಿನ ಮೆಟ್ಟಿಲ ಬಳಿ ನಿಂತೆ, ಬಲಗಾಲು ಮೇಲೇಳಲಿಲ್ಲ. ಹಿಂದಿದ್ದವರು ಹತ್ತಿ ಎಂದು ಅವಸರಪಡಿಸುತ್ತಿದ್ದರು. ನಾನು ಕಾಲನ್ನು ಎರಡು ಕೈಗಳಿಂದ ಹಿಡಿದು ಎತ್ತಿ ಮೆಟ್ಟಿಲ ಮೇಲಿಟ್ಟೆ.

ಎಂಆರ್‌ಐ ಮಾಡಿದರು, ಬೆನ್ನಿಗೆ ಸೂಜಿ ಹಾಕಿ ಮಾದರಿ ತೆಗೆದರು. ಬೆನ್ನುಮೂಳೆಯ ಕ್ಷಯ. ಎರಡು ಮೂಳೆಗಳ ನಡುವಿನ ಜಾಗವನ್ನು ರೋಗ ತಿಂದುಹಾಕಿತ್ತು, ಅಲ್ಲಿ ತುಂಬಿದ ಕೀವು ಕಾಲಿನ ನರಗಳನ್ನು ಒತ್ತುತ್ತಿತ್ತು. ಶಸ್ತ್ರಚಿಕಿತ್ಸೆ ಬೇಡ, ಔಷಧಕ್ಕೆ ಬಗ್ಗಬಹುದು, ಆದರೆ ಸದ್ಯಕ್ಕೆ ಮಲಗಿಯೇ ಇರಬೇಕು ಎಂದರು. ಕೆಲಸ ಹೋಯಿತು. ಅಣ್ಣ ಓಮ್ನಿಯ ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಕಿ, ಸಾಗರದ ಹತ್ತಿರದ ನಮ್ಮೂರಿಗೆ ಕರೆತಂದ.

ಬೆನ್ನುಮೂಳೆಯ ಕ್ಷಯ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಶ್ವಾಸಕೋಶದ ಕ್ಷಯ ಕೆಮ್ಮಿನ ಮೂಲಕ ಗಾಳಿಗೆ ಸೇರಿ ದಾಟುತ್ತದೆ. ನನ್ನದಕ್ಕೆ ಆ ದಾರಿಯೇ ಇರಲಿಲ್ಲ. ಆಶಾ ಕಾರ್ಯಕರ್ತೆ ನಮ್ಮ ಜಗುಲಿಯ ಮೇಲೆ ಕುಳಿತು ಇದನ್ನು ಬಂದವರಿಗೆಲ್ಲ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಮರುದಿನದಿಂದ ನನ್ನ ಲೋಟ ಬೇರೆಯಾಯಿತು. ಅಮ್ಮ ಅದನ್ನು ಬೇಕೆಂದು ಮಾಡಲಿಲ್ಲ, ನೆಂಟರ ಬಾಯಿಗೆ ಹೆದರಿ ಮಾಡಿದಳು. ಪಕ್ಕದ ಮನೆಯ ಅಕ್ಕ ದಿನವೂ ಮಜ್ಜಿಗೆ ತರುತ್ತಿದ್ದಳು. ತಂಬಿಗೆಯನ್ನು ಮೆಟ್ಟಿಲ ಮೇಲಿಟ್ಟು, “ಮಜ್ಜಿಗೆ ಇಟ್ಟಿದ್ದೇನೆ” ಎಂದು ಕೂಗಿ ಹೊರಟುಬಿಡುತ್ತಿದ್ದಳು. ಮಜ್ಜಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ, ಮೆಟ್ಟಿಲನ್ನು ಒಂದು ದಿನವೂ ಹತ್ತಲಿಲ್ಲ. ಎರಡನ್ನೂ ನಾನು ಮರೆತಿಲ್ಲ.

ಜೂನ್ ಮತ್ತು ಜುಲೈಯಲ್ಲಿ ನಾನು ಒಂದು ಗೆರೆಯನ್ನೂ ಎಳೆಯಲಿಲ್ಲ. ಇದನ್ನು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ಆಗ ಬೆಂಗಳೂರಿನ ಗೆಳತಿಯೊಬ್ಬಳು ಫ್ರೀಡಾ ಕಾಲೋ ಬಗ್ಗೆ ಮೊಬೈಲಿಗೆ ಮೇಲಿಂದ ಮೇಲೆ ಕಳಿಸುತ್ತಿದ್ದಳು. 1925ರಲ್ಲಿ ಮೆಕ್ಸಿಕೋದಲ್ಲಿ ಬಸ್ ಅಪಘಾತವಾಗಿ ಬೆನ್ನು ಮುರಿದುಕೊಂಡ ಹದಿನೆಂಟರ ಹುಡುಗಿ, ಹಾಸಿಗೆಯಲ್ಲಿ ಮಲಗಿಯೇ ಚಿತ್ರ ಬರೆದವಳು. “ನೋವೇ ಅವಳನ್ನು ಕಲಾವಿದೆ ಮಾಡಿತು, ನೀನೂ ಪ್ರಯತ್ನಿಸು” ಎಂದು ಗೆಳತಿ ಬರೆದಿದ್ದಳು. ಅವಳ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ನೋವು ಜೋರಾಗಿದ್ದಾಗ ನನ್ನೊಳಗೆ ನೋವನ್ನು ಬಿಟ್ಟು ಬೇರೇನೂ ಇರಲಿಲ್ಲ. ಮಗ್ಗುಲು ಬದಲಿಸಲು ಅಮ್ಮನನ್ನು ಕರೆಯಬೇಕು, ಕರೆಯುವ ಮೊದಲು ಅವಳು ಮಲಗಿದ್ದಾಳೋ ಎಂದು ಯೋಚಿಸಬೇಕು. ಮಾಡಿನ ಹೆಂಚುಗಳನ್ನು ಎಣಿಸುತ್ತಿದ್ದೆ, ಎಣಿಕೆ ತಪ್ಪುತ್ತಿತ್ತು, ಮತ್ತೆ ಎಣಿಸುತ್ತಿರಲಿಲ್ಲ.

ಫ್ರೀಡಾಳ ಕಥೆಯನ್ನು ಪೂರ್ತಿ ಓದಿದ್ದು ಆಮೇಲೆ. ಮಲಗಿಯೇ ಬರೆಯಲು ಬರುವಂತಹ ಚಿತ್ರದ ಚೌಕಟ್ಟನ್ನು ಅವಳ ತಾಯಿ ಮಾಡಿಸಿಕೊಟ್ಟಿದ್ದಳು. ಮಂಚದ ಮೇಲ್ಗಡೆ ಕನ್ನಡಿ ಹಾಕಿಸಿದ್ದರು. ಬಣ್ಣದ ಪೆಟ್ಟಿಗೆ ತಂದೆಯದು. ಫ್ರಾನ್ಸಿನಲ್ಲಿ ವಕೀಲರ ಕಚೇರಿಯ ಗುಮಾಸ್ತನಾಗಿದ್ದ ಆನ್ರಿ ಮಾತೀಸ್ ಇಪ್ಪತ್ತರ ಆಸುಪಾಸಿನಲ್ಲಿ ಹೊಟ್ಟೆಯ ಕಾಯಿಲೆಯಿಂದ ಹಾಸಿಗೆ ಹಿಡಿದಾಗಲೂ ಬಣ್ಣದ ಪೆಟ್ಟಿಗೆ ತಂದಿಟ್ಟದ್ದು ಅವನ ತಾಯಿ. ಈ ಕಥೆಗಳನ್ನು ಹೇಳುವವರು ಹಾಸಿಗೆಯನ್ನು ಹೇಳುತ್ತಾರೆ, ಪೆಟ್ಟಿಗೆ ತಂದವರನ್ನು ಅರ್ಧ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಕನ್ನಡಿಯನ್ನು ಮೊಳೆ ಹೊಡೆದು ನಿಲ್ಲಿಸಿದ ಕೈ ಯಾರದು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ಒಂಟಿತನ ನನಗೇನೂ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಕೋಣೆಗೆ ಮರದ ಸರಳಿನ ಒಂದು ಕಿಟಕಿ. ಅದರಾಚೆ ದಾಸವಾಳದ ಗಿಡ, ಒಂದು ಸುತ್ತಿನ ಕೆಂಪು ಹೂವು. ವೈದ್ಯರ ಚೀಟಿ ನೆನಪಿಟ್ಟುಕೊಂಡು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಹೂವನ್ನೂ ಎಲೆಯನ್ನೂ ನೋಡುತ್ತಿದ್ದೆ. ಕೆಂಪು ಕೆಂಪಾಗಿದೆ, ಹಸಿರು ಹಸಿರಾಗಿದೆ. ಆ ದಿನದ ಪರೀಕ್ಷೆ ಮುಗಿಯಿತು. ಜುಲೈ ಕೊನೆಯ ವಾರ, ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಗಿನ ಆರು ಗಂಟೆಗೆ ಎದ್ದು ನೋಡುತ್ತೇನೆ, ಹೂವು ಕಪ್ಪು! ಎಲೆ ಮಾತ್ರ ಮಾಸಲು ಹಸಿರಾಗಿ ಕಾಣುತ್ತಿದೆ. ಕಣ್ಣುಜ್ಜಿ ನೋಡಿದೆ, ಕಪ್ಪೇ. ಕಾಲು ಹೋಗುವ ಭಯವನ್ನು ಆ ಹೊತ್ತಿಗೆ ಹೇಗೋ ಅಡಗಿಸಿಟ್ಟಿದ್ದೆ. ಕಣ್ಣೂ ಹೋದರೆ? ನಾನು ಕಿರುಚಿಕೊಂಡದ್ದಕ್ಕೆ ಅಮ್ಮ ಹಾಲಿನ ಪಾತ್ರೆಯೊಂದಿಗೇ ಓಡಿ ಬಂದಳು. ಆ ಮಳೆಯಲ್ಲೇ ಅಣ್ಣ ಓಮ್ನಿ ತೆಗೆದ.

ವೈದ್ಯರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದರು. ಚುಕ್ಕಿಗಳ ನಡುವೆ ಅಡಗಿದ್ದ ಅಂಕಿಗಳನ್ನು ಒಂದೊಂದಾಗಿ ಓದಿದೆ. ಒಂದೂ ತಪ್ಪಲಿಲ್ಲ. ಎಷ್ಟು ಗಂಟೆಗೆ ನೋಡಿದಿರಿ, ದೀಪ ಹಾಕಿತ್ತೇ, ಹೊರಗೆ ಮೋಡವಿತ್ತೇ ಎಂದು ವಿಚಾರಿಸಿ, ತಾಳ್ಮೆಯಿಂದ ಹೇಳಿದರು: “ನಿಮ್ಮ ಕಣ್ಣು ಸರಿಯಾಗಿದೆ. ಬೆಳಕು ಕಡಿಮೆಯಾದಾಗ ಎಲ್ಲರ ಕಣ್ಣಿಗೂ ಮೊದಲು ಕಪ್ಪಾಗುವುದು ಕೆಂಪು. ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ನೀವು ಇಷ್ಟು ದಿನ ಗಮನಿಸಿರಲಿಲ್ಲ, ಅಷ್ಟೇ.”

ಓಮ್ನಿಯಲ್ಲಿ ಮಲಗಿ ವಾಪಸು ಬರುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮೂವತ್ತೊಂದು ವರ್ಷ ನೋಡಿದ ಹೂವು. ಹತ್ತು ಗಂಟೆಗೆ ಬೆಳಕು ಏರಿದಾಗ ಮತ್ತೆ ನೋಡಿದೆ, ಕೆಂಪು ಹಿಂದಿರುಗಿತ್ತು. ಮಧ್ಯಾಹ್ನ ಬೇರೆ ಕೆಂಪು. ಸಂಜೆ ಮತ್ತೊಂದು. ಮರುದಿನ ಅಣ್ಣನ ಹಳೆಯ ಡೈರಿ ಇಸಿದುಕೊಂಡು ಗಂಟೆ ಹಾಕಿ ಬರೆಯತೊಡಗಿದೆ. ಕುಂಕುಮ. ಇಟ್ಟಿಗೆ. ಕಾಚು. ಮಳೆಯಲ್ಲಿ ನೆನೆದ ಹೆಂಚು. ಅಡಿಕೆ ಬೇಯಿಸಿದ ಚೊಗರು. ಹದಿನೈದು ದಿನಗಳಲ್ಲಿ ನನಗೆ ಗೊತ್ತಿದ್ದ ಕೆಂಪುಗಳ ಹೆಸರು ಮುಗಿದವು, ದಾಸವಾಳದ ಕೆಂಪು ಮುಗಿಯಲಿಲ್ಲ. ಆಗಲೇ ಹೆಸರು ಬಿಟ್ಟು ಹೂವನ್ನು ಬರೆಯಲು ಕೈ ಹಾಕಿದ್ದು. ಮಲಗಿ ಡೈರಿಯನ್ನು ಮುಖದ ಮೇಲೆ ಹಿಡಿದು ಬರೆದರೆ ಬಾಲ್‌ಪೆನ್ ನಾಲ್ಕು ಗೆರೆಗೆ ನಿಂತುಹೋಗುತ್ತದೆ, ಮುಳ್ಳು ಮೇಲಾದರೆ ಶಾಯಿ ಇಳಿಯುವುದಿಲ್ಲ. ಅಮ್ಮ ಪೆನ್ಸಿಲ್ ತಂದುಕೊಟ್ಟಳು. ನೋವು ಆಗ ಅರ್ಧಕ್ಕೆ ಇಳಿದಿತ್ತು, ಅದನ್ನೂ ಹೇಳಬೇಕು. ಇಳಿಯದಿದ್ದರೆ ಡೈರಿಯೂ ಇರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ದೊಡ್ಡಮ್ಮ ಬಂದಳು. ಅಮ್ಮನ ಅಕ್ಕ, ಊರು ಸಿರಿವಂತೆಯ ಕಡೆ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಚರಗದ ಎಡೆ ಹೊತ್ತು, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ ಬೀರಿ ಬರುತ್ತಾರೆ. ತೆನೆ ಕಟ್ಟುತ್ತಿರುವ ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ. ನಾನು ಇದನ್ನೆಲ್ಲ ಕಂಡೇ ಬೆಳೆದವಳು, ಕಲಿತವಳಲ್ಲ. ಓದಿ ಬೆಂಗಳೂರಿಗೆ ಹೋಗುವ ಹುಡುಗಿಗೆ ಅದು ಮುದುಕಿಯರ ಕೆಲಸ ಎನಿಸಿತ್ತು. ನಮ್ಮ ಮನೆಯ ಗೋಡೆಗಳಿಗೂ ಅಷ್ಟರಲ್ಲಿ ತಿಳಿಹಸಿರು ಡಿಸ್ಟೆಂಪರ್ ಬಂದಿತ್ತು.

ದೊಡ್ಡಮ್ಮ ನನ್ನ ಕೋಣೆಗೆ ಬಂದವಳು ಬಾಗಿಲಲ್ಲಿ ನಿಲ್ಲಲಿಲ್ಲ. ಮಂಚದ ಅಂಚಿಗೆ ಕೂತು ಡೈರಿಯ ಹಾಳೆಗಳನ್ನು ತಿರುವಿದಳು. ಒಂದು ದಾಸವಾಳಕ್ಕೆ ನಾನು ನೂರು ಗೀರು ಗೀಚಿದ್ದೆ. “ಇಷ್ಟೊಂದು ಗೆರೆ ಯಾಕೆ ಮಗಳೇ? ಒಂದು ಸಾಲದೇ?” ಎಂದಳು. ಆಮೇಲೆ ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು ಒಣಗಿಸಿದ್ದ ಬಿದಿರಿನ ಬುಟ್ಟಿಯನ್ನು ತಂದು ನನ್ನ ಹೊಟ್ಟೆಯ ಮೇಲಿಟ್ಟಳು.

ಅಕ್ಕಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಣ್ಣೆಯಂತೆ ರುಬ್ಬಿ, ಬಟ್ಟೆಯಲ್ಲಿ ಸೋಸಿದ್ದಳು. ಅದು ಬಿಳಿ. ಕರಿಗೆ ಅಕ್ಕಿಯನ್ನೇ ಸೀಯುವಂತೆ ಹುರಿದು ಅರೆಯಬೇಕು. ಹಳದಿ ಗುರಿಗೆ ಬೀಜದಿಂದ ಬರುತ್ತದೆ. ಕುಂಚ ಪುಂಡಿ ನಾರಿನದು: ನಾಲ್ಕಾರು ಎಳೆ ಸೇರಿಸಿ ಕಟ್ಟಿ, ತುದಿ ಕತ್ತರಿಸಿ, ಕಲ್ಲಿನ ಮೇಲೆ ಮೆಲ್ಲಗೆ ಜಜ್ಜಿ ಮೆದು ಮಾಡಿದ್ದು. ಹಿಟ್ಟಿನ ಹದ ನೋಡಲು ದೊಡ್ಡಮ್ಮ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ಕೈ ಓರೆ ಮಾಡುತ್ತಿದ್ದಳು. ಓಡಿದರೆ ತೆಳು, ಕೂತರೆ ದಪ್ಪ, ಯೋಚಿಸಿ ಜಾರಿದರೆ ಸರಿ. ‘ಯೋಚಿಸಿ’ ಎಂಬುದು ಅವಳದೇ ಮಾತು.

ನನ್ನ ಮೊದಲ ಎಳೆ ನಡುಗಿತು. ಎರಡನೆಯದೂ ನಡುಗಿತು. ಕೈ ನಡುಕವೆಂದುಕೊಂಡೆ. ದೊಡ್ಡಮ್ಮ ಬುಟ್ಟಿಯನ್ನೇ ನೋಡುತ್ತಿದ್ದಳು. ನಾನು ಉಸಿರಾಡಿದಂತೆ ಬುಟ್ಟಿ ಏರಿಳಿಯುತ್ತಿತ್ತು, ಅದಕ್ಕೇ ಗೆರೆ ಅಲೆಯಾಗುತ್ತಿತ್ತು. “ಉಸಿರು ಬಿಡು. ಪೂರ್ತಿ ಬಿಡು. ಈಗ ಎಳೆ” ಎಂದಳು. ಹೊಟ್ಟೆ ಇಳಿದು ಬುಟ್ಟಿ ನಿಂತ ಆ ಒಂದು ಗಳಿಗೆಯಲ್ಲಿ ಕುಂಚ ಊರಿ ಎಳೆದೆ. ಗೇಣುದ್ದದ ಎಳೆ. ಹಸಿಯಿದ್ದಾಗ ಅಕ್ಕಿಹಿಟ್ಟಿನ ಗೆರೆ ಸರಿಯಾಗಿ ಕಾಣುವುದೇ ಇಲ್ಲ, ನೀರು ಎಳೆದಂತಿರುತ್ತದೆ. ಒಣಗುತ್ತ ಬಂದಂತೆ ಕೆಮ್ಮಣ್ಣಿನೊಳಗಿಂದ ಬಿಳುಪು ಎದ್ದು ಬರುತ್ತದೆ. ನನ್ನ ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳ್ಳಗಾಗುತ್ತ ಹೋಗುವುದನ್ನು ಮಲಗಿದಲ್ಲೇ ನೋಡಿದೆ. ಏನೋ ಆಗುತ್ತಿದೆ ಎನಿಸಿತು, ನನಗೆ, ನನ್ನಿಂದ. ಐದು ತಿಂಗಳಿಂದ ನನಗೆ ಎಲ್ಲವನ್ನೂ ಬೇರೆಯವರು ಮಾಡುತ್ತಿದ್ದರು.

ಆ ಬುಟ್ಟಿಯಲ್ಲಿ ನನ್ನವು ಹನ್ನೊಂದು ಎಳೆಗಳು, ಉಳಿದದ್ದೆಲ್ಲ ದೊಡ್ಡಮ್ಮನದು. ನಸುಕಿನಲ್ಲಿ ಅಣ್ಣ ಅದನ್ನು ಹೊತ್ತು ಗದ್ದೆಗೆ ಇಳಿದ. ಕತ್ತಲೆಯಲ್ಲಿ ಅವನು ಭೂಮಿತಾಯಿಯನ್ನು ಕೂಗುವ ದನಿ ಕಿಟಕಿಯವರೆಗೆ ಬಂತು. ದೊಡ್ಡಮ್ಮ ಒಂದು ಕಟ್ಟು ಪುಂಡಿ ನಾರು ಬಿಟ್ಟು ಊರಿಗೆ ಹೋದಳು.

ಮುಂದಿನ ತಿಂಗಳುಗಳಲ್ಲಿ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಹತ್ತು ನಿಮಿಷ, ಆಮೇಲೆ ಇಪ್ಪತ್ತು, ಆಮೇಲೆ ಅರ್ಧ ಗಂಟೆ ನಿಲ್ಲಲು ಕಲಿತೆ. ಔಷಧ 12 ತಿಂಗಳು ಎಂದಿದ್ದು 18ಕ್ಕೆ ಹೋಯಿತು. ಸರ್ಕಾರದ ಔಷಧ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆಂದು ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು. ನನಗೆ ಅದರಲ್ಲಿ ಮೊಟ್ಟೆ ಬಂತು. ನಿಂತ ಹೊತ್ತನ್ನೆಲ್ಲ ಗೋಡೆಗೆ ಕೊಟ್ಟೆ. ಅಣ್ಣ ನನ್ನ ಕೋಣೆಯ ಒಂದು ಗೋಡೆಯ ಡಿಸ್ಟೆಂಪರ್ ಕೆರೆದು ಕೆಮ್ಮಣ್ಣು ಬಳಿದುಕೊಟ್ಟ.

ಗೋಡೆಯ ಹಸೆಗೆ ಉದ್ದ ಗೆರೆಗಳನ್ನು ದೊಡ್ಡಮ್ಮ ಹಾಕುತ್ತಿದ್ದದ್ದು ದಾರದಿಂದ. ದಾರವನ್ನು ಹಿಟ್ಟಿನ ನೀರಿನಲ್ಲಿ ಅದ್ದಿ, ಎರಡು ತುದಿಗಳನ್ನು ಇಬ್ಬರು ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ನೇರ ಗುರುತು ಬೀಳುತ್ತದೆ. ಅದರ ಮೇಲೆ ಕುಂಚ ನಡೆಸಬೇಕು. ಅಮ್ಮ ಗದ್ದೆಯಲ್ಲಿ, ಅಣ್ಣ ತೋಟದಲ್ಲಿ. ನನಗೆ ಇನ್ನೊಂದು ತುದಿ ಹಿಡಿಯುವವರು ಇರಲಿಲ್ಲ. ದಾರವನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಎರಡು ತಿಂಗಳು ಆ ಗೋಡೆ ಬರೆದೆ. ಭತ್ತದ ಸಸಿ, ಏಣಿ, ಬಾಸಿಂಗ, ಹಕ್ಕಿ. ನನಗೆ ಅದು ಬಹಳ ಚೆನ್ನಾಗಿದೆ ಎನಿಸಿತ್ತು.

ಯುಗಾದಿಗೆ ಬಂದ ದೊಡ್ಡಮ್ಮ ತುಂಬ ಹೊತ್ತು ನೋಡಿದಳು. ನನ್ನ ಉದ್ದ ಗೆರೆಗಳೆಲ್ಲ ಕಿಟಕಿಯ ಕಡೆಗೆ ವಾಲಿದ್ದವು. ಸರಳು ಒಂದೇ, ಗಂಟು ಒಂದೇ, ಹಾಗಾಗಿ ಎಲ್ಲ ಗೆರೆಯೂ ಆ ಒಂದೇ ಬಿಂದುವಿನಿಂದ ಹೊರಟು ಬೀಸಣಿಗೆಯಂತೆ ಹರಡಿಕೊಂಡಿತ್ತು. ದಿನವೂ ಹತ್ತಿರದಿಂದ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ.

“ಇದು ಒಬ್ಬಳೇ ಬರೆದ ಹಸೆ” ಎಂದಳು ದೊಡ್ಡಮ್ಮ. ಬೈಯಲಿಲ್ಲ, ಹೊಗಳಲಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಹಿಂದೊಮ್ಮೆ ಒಂದು ಭಾನುವಾರ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಿದ್ದೆ. ಆಗ ಅರ್ಧ ಗಂಟೆಯಲ್ಲಿ ದಾಟಿಕೊಂಡು ಹೋದವಳಿಗೆ ಆ ಚಳಿಗಾಲದಲ್ಲಿ, ಗೋಡೆಯ ಮುಂದೆ ನಿಂತಾಗ, ಅವು ಒಂದೊಂದಾಗಿ ನೆನಪಾದವು: ಬೆಟ್ಟದ ಮೇಲೆ ಮಂಜು, ಜನರ ಸುಳಿವಿಲ್ಲದ ಬೆಳಕು. ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು, ಮದುವೆಯಾಗದೆ, ಚಿತ್ರ ಮತ್ತು ವೀಣೆಯ ಜೊತೆ ಬಾಳಿ 1965ರಲ್ಲಿ ತೀರಿಕೊಂಡವರು ಅವರು. ಆ ಏಕಾಂತವನ್ನು ಅವರು ಆರಿಸಿಕೊಂಡಿದ್ದರು, ಅದಕ್ಕೆ ಮುಂಚೆ ಗುರುಗಳ ಕೈಕೆಳಗೆ ವರ್ಷಗಟ್ಟಲೆ ಕೂತಿದ್ದರು. ನನ್ನದು ಊರು ಕೊಟ್ಟ ಒಂಟಿತನ. ಎರಡಕ್ಕೂ ಒಂದೇ ಹೆಸರಿಡುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೇಲಾಗಿ ನಮ್ಮ ಹಸೆಯಲ್ಲಿ ಒಂಟಿ ಕಲಾವಿದೆ ಎಂಬ ಮಾತೇ ಇಲ್ಲ. ನಾಲ್ಕಾರು ಹೆಂಗಸರು ಸೇರಿ, ಹಾಡು ಹೇಳಿಕೊಂಡು ಬರೆಯುತ್ತಾರೆ. ಯಾರೂ ಕೆಳಗೆ ಹೆಸರು ಹಾಕುವುದಿಲ್ಲ. ಮುಂದೆ ಅದರ ಮೇಲೇ ಮತ್ತೆ ಕೆಮ್ಮಣ್ಣು ಬಳಿಯುತ್ತಾರೆ.

ದೊಡ್ಡಮ್ಮನ ಕೈಯಲ್ಲೇ ಆ ಗೋಡೆಗೆ ಕೆಮ್ಮಣ್ಣು ಬಳಿಸಿದೆ. ಮತ್ತೆ ಬರೆದೆ. 2023ರ ನವೆಂಬರಿನಲ್ಲಿ ಕೊನೆಯ ಮಾತ್ರೆ ನುಂಗಿದೆ. ಬಲಗಾಲು ಈಗಲೂ ಏರು ಹತ್ತುವಾಗ ಸ್ವಲ್ಪ ತಡೆಯುತ್ತದೆ. ಬೆಂಗಳೂರಿಗೆ ಮರಳಲಿಲ್ಲ; ಸಾಗರದ ಎರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಉಳಿದ ಹೊತ್ತು ದೊಡ್ಡಮ್ಮ ಕರೆದಲ್ಲಿಗೆ ಹೋಗಿ ಹಸೆ ಬರೆಯುತ್ತೇನೆ. ಮೊದಮೊದಲು ದೂರದ ಊರುಗಳಿಂದಷ್ಟೇ ಕರೆ ಬರುತ್ತಿತ್ತು. ನನ್ನ ಕಾಯಿಲೆ ಗೊತ್ತಿಲ್ಲದ ಊರುಗಳು.

2024ರ ಏಪ್ರಿಲಿನಲ್ಲಿ ನಮ್ಮೂರಿನಲ್ಲೇ ಒಂದು ಮದುವೆ, ಪಕ್ಕದ ಮನೆಯ ಅಕ್ಕನ ಮಗಳದು. ಹಸೆಗೋಡೆ ಬರೆಯಲು ದೊಡ್ಡಮ್ಮನಿಗೆ ಹೇಳಿ ಕಳಿಸಿದರು. ನನಗೆ ಹೇಳಲಿಲ್ಲ. ದೊಡ್ಡಮ್ಮ ಬೆಳಿಗ್ಗೆ ನಮ್ಮ ಮನೆಗೆ ಬಂದು, ಬೇರೇನೂ ಮಾತಾಡದೆ, ಹಿಟ್ಟಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು. ಚಿಕಿತ್ಸೆ ಮುಗಿದಿದೆ ಎಂಬ ಆಸ್ಪತ್ರೆಯ ಕಾಗದವನ್ನು ಪರ್ಸಿನಲ್ಲಿ ಮಡಿಸಿಟ್ಟುಕೊಂಡು ಹಿಂದೆ ಹೋದೆ. ಆ ಕಾಗದವನ್ನು ತೆಗೆದುಕೊಂಡೆನಲ್ಲ ಎಂಬ ನೋವು ಇವತ್ತಿಗೂ ಇದೆ. ಅಂಗಳದಲ್ಲಿ ಯಾರೋ ಹೆಂಗಸು, “ಮಂಗಳಕಾರ್ಯದ ಗೋಡೆ, ಇವಳ ಕೈಯಲ್ಲಿ ಯಾಕೆ?” ಎಂದದ್ದು ಕೇಳಿಸಿತು. ಯಾರೂ ಉತ್ತರ ಕೊಡಲಿಲ್ಲ. ನಾನು ಪಾತ್ರೆ ಹಿಡಿದು ನಿಂತೇ ಇದ್ದೆ.

ಗೋಡೆಗೆ ಹಿಂದಿನ ದಿನವೇ ಕೆಮ್ಮಣ್ಣು ಬಳಿದಿದ್ದರು. ದೊಡ್ಡಮ್ಮ ದಾರ ಅದ್ದಿ ಒಂದು ತುದಿ ನನಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದಳು. ಮೇಲಿನ ಗೆರೆಗೆ ಸ್ಟೂಲು ಹತ್ತಬೇಕಿತ್ತು, ಅವಳ ಮಂಡಿಗೆ ಆಗಲಿಲ್ಲ. ದಾರದ ತುದಿ ಜೋತುಬಿದ್ದು ಹಿಟ್ಟಿನ ನೀರು ನೆಲಕ್ಕೆ ಹನಿಯುತ್ತಿತ್ತು. ಅಡುಗೆಮನೆಯಿಂದ ಬಂದ ಪಕ್ಕದ ಮನೆಯ ಅಕ್ಕ ಅದನ್ನು ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲು ಹತ್ತಿ ದಾರದ ತುದಿ ತೆಗೆದುಕೊಂಡಳು.

“ಇನ್ನೂ ಮೇಲೆ ಬೇಕೇ?” ಎಂದು ನನ್ನನ್ನು ಕೇಳಿದಳು.

“ಎರಡು ಬೆರಳು ಮೇಲೆ, ಅಕ್ಕ.”

ಅವಳು ಎತ್ತಿ ಹಿಡಿದಳು. ದಾರ ಬಿಗಿಯಾಯಿತು. ದೊಡ್ಡಮ್ಮ ನಡುವೆ ಎಳೆದು ಬಿಟ್ಟಳು.